8 ಇಂಚಿನ ಬಯೋಗ್ಯಾಸ್ ಲೈನಿಗೆ 8 ಇಂಚಿನದೇ ಬಟರ್‌ಫ್ಲೈ ವಾಲ್ವ್ ಹಾಕಬೇಕಾ? ಮಂಡ್ಯದ ನಮ್ಮ ಡಿಸ್ಟಿಲರಿಯಿಂದ ಬಾಯ್ಲರಿಗೆ ಹೋಗುವ ಗ್ಯಾಸನ್ನು ಹೆಚ್ಚು ಕಡಿಮೆ ಮಾಡೋಕೆ ಬೇಕು.

ಬೇಡ. ಪೈಪಿನ ಅಳತೆ ನೋಡಿ ತರಬೇಡಿ, ಹರಿವು ಮತ್ತು ಒತ್ತಡ ಲೆಕ್ಕ ಹಾಕಿ ತನ್ನಿ. ಮಾಮೂಲಿ ಓಡುವಾಗ ವಾಲ್ವಿನ ಒಳಗೆ ತಿರುಗುವ ತಟ್ಟೆ ಸುಮಾರು 30ರಿಂದ 60 ಡಿಗ್ರಿ ತೆರೆದಿರಬೇಕು (0 ಅಂದ್ರೆ ಪೂರ್ತಿ ಮುಚ್ಚಿದ್ದು, 90 ಅಂದ್ರೆ ಪೂರ್ತಿ ತೆರೆದದ್ದು). ಎಷ್ಟೋ ಸಲ 6 ಇಂಚಿನದೇ ಸಾಕಾಗುತ್ತೆ, ಎರಡೂ ಕಡೆ ರೆಡ್ಯೂಸರ್ (ದೊಡ್ಡ ಪೈಪನ್ನು ಸಣ್ಣ ಅಳತೆಗೆ ಜೋಡಿಸುವ ತುಂಡು) ಹಾಕಿದರಾಯ್ತು.

ಯಾಕೆ ಅಂದ್ರೆ, ನಾಲೆಯ ತೂಬು ನೋಡಿರ್ತೀರಿ ಅಲ್ವಾ? ಬಾಗಿಲನ್ನು ಎರಡು ಬೆರಳಷ್ಟು ಎತ್ತಿದರೆ ನೀರು ಸೀಳಿಕೊಂಡು ನುಗ್ಗುತ್ತೆ, ತಗಡು ಅದುರುತ್ತೆ. ದೊಡ್ಡ ವಾಲ್ವನ್ನು 10 ಡಿಗ್ರಿಯಲ್ಲಿ ಓಡಿಸಿದರೂ ಅದೇ ಕಥೆ. ತಟ್ಟೆಯ ಅಂಚಿನ ಸಣ್ಣ ಸಂದಿಯಲ್ಲಿ ಗ್ಯಾಸ್ ವಿಪರೀತ ವೇಗದಲ್ಲಿ ಹೋಗುತ್ತೆ. ಸಿಳ್ಳೆ ಹೊಡೆಯುತ್ತೆ, ಸೀಟ್, ಅಂದ್ರೆ ಮುಚ್ಚಿದಾಗ ತಟ್ಟೆ ಒತ್ತಿ ಕೂರುವ ಬಳೆ, ಬೇಗ ಸವೆಯುತ್ತೆ. ಒಂದು ಡಿಗ್ರಿ ತಿರುಗಿದರೂ ಹರಿವು ಜಾಸ್ತಿ ಬದಲಾಗುವುದರಿಂದ ಆಕ್ಚುಯೇಟರ್ (ತಟ್ಟೆಯನ್ನು ತಾನಾಗಿ ತಿರುಗಿಸುವ ಸಾಧನ) ಒಂದೇ ಕಡೆ ನಿಲ್ಲದೆ ಹಿಂದೆ ಮುಂದೆ ಆಡ್ತಾನೇ ಇರುತ್ತೆ. 70 ಡಿಗ್ರಿ ದಾಟಿದ ಮೇಲೆ ಉಲ್ಟಾ: ಎಷ್ಟು ತಿರುಗಿಸಿದರೂ ಹರಿವು ಅಷ್ಟಾಗಿ ಬದಲಾಗಲ್ಲ.

ಬಯೋಗ್ಯಾಸಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತೆ, ತೇವವೂ ಸೇರಿದರೆ ಮಾಮೂಲಿ ಕಬ್ಬಿಣವನ್ನು ತಿಂದುಹಾಕುತ್ತೆ. 316 ಸ್ಟೇನ್‌ಲೆಸ್ ಸ್ಟೀಲಿನ ತಟ್ಟೆ, ಟೆಫ್ಲಾನ್ ಸೀಟ್ ಕೇಳಿ. ಇಲ್ಲಿ ದುಡ್ಡು ಉಳಿಸೋಕೆ ಹೋಗಬೇಡಿ. ವಾಲ್ವಿನ ಆಚೆ ಒತ್ತಡ ಅರ್ಧಕ್ಕೂ ಕೆಳಗೆ ಇಳಿಸಬೇಕಾದ ಜಾಗವಾದರೆ ಮಾತ್ರ ಗ್ಲೋಬ್ ವಾಲ್ವೇ (ತಟ್ಟೆ ತಿರುಗುವ ಬದಲು ಬಿರಡೆ ಮೇಲೆ ಕೆಳಗೆ ಆಡುವ ವಾಲ್ವ್) ವಾಸಿ.