ನೀರಿಗೆ ಅಂಟಿಸಿದಂತೆ ಕಾಣುವ ಬಾಲಕ

ಪ್ರಶ್ನೆ: ತುಂಗಾ ನದಿಯಲ್ಲಿ ಸೊಂಟದವರೆಗೆ ಇಳಿದು ನಿಂತ ಬಾಲಕನ ಚಿತ್ರವನ್ನು ತೈಲವರ್ಣದಲ್ಲಿ ಬರೆಯುತ್ತಿದ್ದೇನೆ. ನೀರಿಗೆ ನೀಲಿ ಹಚ್ಚಿ, ಅಲೆಗಳನ್ನು ಬಿಳಿ ಗೆರೆಗಳಲ್ಲಿ ತೋರಿಸಿದ್ದರೂ ಅದು ನೀರೆನ್ನಿಸುತ್ತಿಲ್ಲ. ಬಾಲಕನನ್ನು ಕತ್ತರಿಸಿ ಅಂಟಿಸಿದಂತಿದೆ. ಎಲ್ಲಿ ತಪ್ಪಿದ್ದೇನೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ತೊಡಕು ಆ ನೀಲಿಯಿಂದಲೇ ಆರಂಭವಾಗಿದೆ. ಹೊಳೆಯಲ್ಲಿ ನಮ್ಮ ಕಣ್ಣಿಗೆ ಬೀಳುವುದು ಮೇಲ್ಮೈಯಲ್ಲಿ ಪ್ರತಿಫಲಿಸಿದ ಆಕಾಶ ಮತ್ತು ದಡದ ಮರಗಳು, ಅವುಗಳ ನಡುವೆ ಇಣುಕುವ ತಳ. ನೇರ ಕೆಳಗೆ ನೋಡುವಾಗ ನೀರು ಶೇ. 2ರಷ್ಟು ಬೆಳಕನ್ನು ಮಾತ್ರ ಪ್ರತಿಫಲಿಸುತ್ತದೆ. ನೋಟ ಓರೆಯಾದಂತೆ ಈ ಪ್ರಮಾಣ ಏರುತ್ತ ಹೋಗಿ, ದೂರದ ನೀರು ಬಹುಮಟ್ಟಿಗೆ ಕನ್ನಡಿಯೇ ಆಗುತ್ತದೆ. ಆದ್ದರಿಂದ ಚಿತ್ರದ ಕೆಳ ಅಂಚಿನಲ್ಲಿ ತಳದ ಕಂದು ಹಸಿರು ಇರಬೇಕು, ಮೇಲೆ ಹೋದಂತೆ ಆಕಾಶದ ತಿಳಿಬಣ್ಣ ಹೆಚ್ಚಬೇಕು.

ಇನ್ನು ಬಾಲಕ. ಅವನ ಪ್ರತಿಬಿಂಬ ಅವನಿಂದ ನೇರವಾಗಿ ನೋಡುಗರ ಕಡೆಗೆ ಇಳಿಯುತ್ತದೆ. ಮೈಬಣ್ಣ ಆಕಾಶಕ್ಕಿಂತ ಗಾಢವಾದ್ದರಿಂದ, ಆ ಪ್ರತಿಬಿಂಬ ಬಿದ್ದ ಜಾಗದಲ್ಲಿ ಮೇಲ್ಮೈಯ ಹೊಳಪು ತಗ್ಗಿ, ಮುಳುಗಿದ ತೊಡೆ, ಮೊಣಕಾಲುಗಳು ಅಲ್ಲಿ ಚೆನ್ನಾಗಿ ಕಾಣುತ್ತವೆ. ಅದರಾಚೆಗೆ ಆಕಾಶದ ಹೊಳಪು ಅವನ್ನು ಮುಚ್ಚುತ್ತದೆ. ಕಾಲುಗಳನ್ನು ಎಲ್ಲೆಡೆ ಒಂದೇ ಸಮನಾಗಿ ತೋರಿಸುವವರೂ, ಪೂರ್ತಿ ಅಳಿಸಿಬಿಡುವವರೂ ಈ ಒಂದು ಸಂಗತಿಯನ್ನು ಗಮನಿಸಿರುವುದಿಲ್ಲ. ವಕ್ರೀಭವನದಿಂದಾಗಿ, ಅಂದರೆ ನೀರಿನಿಂದ ಹೊರಬರುವಾಗ ಬೆಳಕು ಬಾಗುವುದರಿಂದ, ಕಾಲುಗಳು ಗಿಡ್ಡವಾಗಿ, ಸೊಂಟದ ಬಳಿ ಮುರಿದಂತೆ ತೋರುತ್ತವೆ ಎಂಬುದನ್ನೂ ಮರೆಯಬೇಡಿ.

ಅಂಟಿಸಿದ ಭಾವ ಹುಟ್ಟುವುದು ಮೈ ಮತ್ತು ನೀರು ಕೂಡುವ ಗೆರೆಯಲ್ಲಿ. ಬಕೆಟ್ಟಿನಲ್ಲಿ ನೀರು ತುಂಬಿ ಕಿಟಕಿಯ ಬಳಿ ಇಟ್ಟು, ಮುಂಗೈ ಮುಳುಗಿಸಿ ನೋಡಿ: ಚರ್ಮಕ್ಕೆ ತಾಗುವಲ್ಲಿ ನೀರು ತುಸುವೇ ಮೇಲೇರಿ, ಒಂದೆಡೆ ಬೆಳಕಿನ ಎಳೆಯಾಗಿ ಮಿನುಗಿ, ಇನ್ನೊಂದೆಡೆ ಕಪ್ಪಾಗಿ, ಮತ್ತೊಂದೆಡೆ ಕಾಣದೇ ಹೋಗುತ್ತದೆ. ಆ ಗೆರೆಯನ್ನು ಬಳೆಯಂತೆ ಸುತ್ತ ಎಳೆದಿರೋ, ಚಿತ್ರ ಕೆಟ್ಟಿತು. ಚಡ್ಡಿಯ ಬಟ್ಟೆ ನೀರನ್ನು ಹೀರಿಕೊಂಡು ಗೆರೆಗಿಂತ ಮೇಲೂ ಒಂದಿಷ್ಟು ಗಾಢವಾಗಿರುತ್ತದೆ.

ವಲೆನ್ಸಿಯಾದ ಕಡಲತೀರದಲ್ಲಿ ಈಜುವ ಮಕ್ಕಳನ್ನು ಬರೆದ ಸ್ಪೇನಿನ ಹ್ವಾಕಿನ್ ಸೊರೋಯಾ (1863–1923) ಅವರ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿದರೆ, ನೀರಿನಲ್ಲಿ ನೇರಳೆ, ಕಂದು, ಹಸಿರುಗಳು ಎಷ್ಟು ಧಾರಾಳವಾಗಿವೆ ಎಂಬುದು ತಿಳಿಯುತ್ತದೆ.

ಈಗಿರುವ ಬಿಳಿ ಗೆರೆಗಳನ್ನು ಪ್ಯಾಲೆಟ್ ನೈಫಿನಿಂದ ಕೆರೆದು ತೆಗೆಯಿರಿ. ತಳವನ್ನೂ ಕಾಲುಗಳನ್ನೂ ತೆಳುವಾಗಿ ಬರೆದು, ಒಣಗಿದ ಮೇಲೆ ಅಗಸೆ ಎಣ್ಣೆ ಬೆರೆಸಿದ ಪಾರದರ್ಶಕ ಹಸಿರುಗಂದನ್ನು ಸವರಿ, ಆಕಾಶದ ಪ್ರತಿಫಲನವನ್ನು ಅದರ ಮೇಲೆ ಅಡ್ಡ ತುಣುಕುಗಳಾಗಿ ಇಡಿ. ಬಿಳಿಯ ಟ್ಯೂಬಿನ ಮುಚ್ಚಳವನ್ನು ಕೊನೆಯ ದಿನ ತೆರೆದರೆ ಸಾಕು.