ಬೆಂಗಳೂರಿನಿಂದ ಮಂಗಳೂರಿಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು? ಜೂನ್‌ನಲ್ಲಿ ಪುತ್ತೂರಿನಲ್ಲಿ ಅಕ್ಕನ ಮಗಳ ಮದುವೆ, ಅವತ್ತೇ ಬೆಳಗ್ಗೆ ಹೊರಟರೆ ಸಾಕಾ?

ಸಾಲದು. ಎರಡು ನಿಲ್ದಾಣಗಳ ನಡುವಿನ ನೇರ ದೂರ 300 ಕಿ.ಮೀ. ಚಿಲ್ಲರೆ, ಟಿಕೆಟ್ಟಿನಲ್ಲಿ ಬರೆದಿರುವುದು ಒಂದು ಗಂಟೆ, ಹೆಚ್ಚೆಂದರೆ ಇನ್ನು ಹತ್ತು ನಿಮಿಷ. ಅದನ್ನೇ ನಂಬಿ ನಾನು ತಂಗಿಯ ಮದುವೆಗೆ ಹೊರಟಿದ್ದೆ. ಅದೂ ಪುತ್ತೂರಿನಲ್ಲೇ, ಅದೂ ಜೂನ್‌ನಲ್ಲೇ.

ಮುಹೂರ್ತ ಹನ್ನೊಂದೂವರೆಗೆ. ಏಳರ ವಿಮಾನ, ಎಂಟು ದಾಟುವಾಗ ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆ, ಹತ್ತರೊಳಗೆ ಮಂಟಪ ಎಂದು ಅಮ್ಮನಿಗೆ ಧೈರ್ಯ ಹೇಳಿದ್ದೆ.

ಎಡವಿದ್ದು ಆ ಲೆಕ್ಕದಲ್ಲೇ. ಟಿಕೆಟ್ಟಿನ ಒಂದು ಗಂಟೆ ಎಂದರೆ ವಿಮಾನ ಇಲ್ಲಿಂದ ಕದಲಿ ಅಲ್ಲಿ ನಿಲ್ಲುವವರೆಗಿನ ಹೊತ್ತು, ಅಷ್ಟೇ. ಬನಶಂಕರಿಯಿಂದ ದೇವನಹಳ್ಳಿಗೆ ಊರು ಸೀಳಿಕೊಂಡು ಹೋಗಬೇಕು, ಬ್ಯಾಗ್ ಕೌಂಟರ್ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಇದಕ್ಕೆಲ್ಲ ನಿದ್ದೆಗೆಟ್ಟು ಸಮಯ ಹೊಂದಿಸಿದೆ. ಮಳೆಗೆ ಮಾತ್ರ ಒಂದು ನಿಮಿಷವನ್ನೂ ಇಟ್ಟಿರಲಿಲ್ಲ. ಬಜ್ಪೆಯ ರನ್‌ವೇ ಗುಡ್ಡದ ನೆತ್ತಿಯ ಮೇಲಿದೆ, ಎರಡೂ ತುದಿಗೆ ಕಣಿವೆ. ಜೂನ್‌ನಲ್ಲಿ ಮೋಡ ಆ ಗುಡ್ಡದ ಮೇಲೆಯೇ ಕೂರುತ್ತದೆ. ರನ್‌ವೇ ಕಾಣದೆ ಪೈಲಟ್ ಇಳಿಸುವುದಿಲ್ಲ, ಇಳಿಸಲೂಬಾರದು. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಅಲ್ಲೇ ರನ್‌ವೇ ದಾಟಿ ಕಣಿವೆಗೆ ಉರುಳಿ 158 ಜನ ಸತ್ತದ್ದನ್ನು ನಮ್ಮ ಕಡೆಯವರು ಮರೆಯುವಂತಿಲ್ಲ.

ಅವತ್ತು ಚಕ್ರ ಇಳಿದ ಸದ್ದು ಕೇಳಿಸಿತು. ಕಿಟಕಿ ತುಂಬ ಬರೀ ಬಿಳಿ, ರೆಕ್ಕೆಯ ತುದಿಯೂ ಕಾಣದು. ಇದ್ದಕ್ಕಿದ್ದಂತೆ ಎಂಜಿನ್ ಮೊರೆದು ವಿಮಾನ ಮೇಲಕ್ಕೆದ್ದಿತು. ಸುತ್ತು ಹೊಡೆದು ಹೊಡೆದು ಕೊನೆಗೆ ಬೆಂಗಳೂರಿಗೇ ವಾಪಸ್. ಮಳೆ ಬಿಟ್ಟ ಮೇಲೆ ಮತ್ತೆ ಹಾರಿ ನಾನು ಪುತ್ತೂರು ಮುಟ್ಟುವಾಗ ಕೊನೆಯ ಪಂಕ್ತಿ ಏಳುತ್ತಿತ್ತು. ಲಾಜಾಹೋಮದಲ್ಲಿ ತಂಗಿಯ ಬೊಗಸೆಗೆ ಅರಳು ಹಾಕಬೇಕಾದವನು ಅಣ್ಣ. ನಮ್ಮ ಚಿಕ್ಕಪ್ಪನ ಮಗ ಹಾಕಿದ್ದ. ತಂಗಿ ಒಂದು ಮಾತೂ ಆಡಲಿಲ್ಲ, ಅದೇ ನನಗೆ ಇವತ್ತಿಗೂ ಚುಚ್ಚುತ್ತದೆ. ನೀವಾದರೋ ಸೋದರಮಾವ, ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಾದವರು!

ಇಷ್ಟಕ್ಕೂ ಪುತ್ತೂರಿಗೆ ವಿಮಾನ ಯಾಕೆ? ಬೆಂಗಳೂರಿನಿಂದ ಹೋಗುವಾಗ ಮಂಗಳೂರಿಗಿಂತ ಮೊದಲೇ ಸಿಗುವ ಊರು ಅದು. ವಿಮಾನದಲ್ಲಿ ಹೋದರೆ ಊರು ದಾಟಿ ಬಜ್ಪೆಯಲ್ಲಿಳಿದು, ಬಿ.ಸಿ. ರೋಡ್, ಮಾಣಿ ಎಂದು ಒಂದೂವರೆ ಗಂಟೆ ಹಿಂದಕ್ಕೆ ಬರಬೇಕು. ಬಸ್ಸಾದರೆ ಶಿರಾಡಿ ಇಳಿದು ಉಪ್ಪಿನಂಗಡಿಯಲ್ಲಿ ತಿರುಗಿದರೆ ಆಯಿತು. ರೈಲಿಗೆ ಕಬಕ ಪುತ್ತೂರು ಸ್ಟೇಷನ್ನೇ ಇದೆ.

ಹಾಗಂತ ಮಳೆಗಾಲದಲ್ಲಿ ಮದುವೆಯ ಹಿಂದಿನ ರಾತ್ರಿಯ ಬಸ್ಸನ್ನೂ ನಂಬಬೇಡಿ. ಹಿಂದಿನ ದಿನ ಬೆಳಗ್ಗೆಯೇ ಹೊರಡಿ, ರಜೆ ಕೊಡದಿದ್ದರೆ ಜಗಳವಾಡಿ ತೆಗೆದುಕೊಳ್ಳಿ. ಶಿರಾಡಿಯಲ್ಲಿ ಗುಡ್ಡ ಕುಸಿದರೂ ಮಡಿಕೇರಿ, ಸಂಪಾಜೆ, ಸುಳ್ಯ ಸುತ್ತಿಕೊಂಡು ಬರುವಷ್ಟು ಹೊತ್ತು ಕೈಯಲ್ಲಿರುತ್ತದೆ. ವಿಮಾನ ಬೇಕೇ ಬೇಕೆಂದರೆ ವಾಪಸ್ ಬರುವಾಗ ಹತ್ತಿ.