ಸ್ಟಾರ್ ಟ್ರೆಕ್ ಮೂರನೇ ಸೀಸನ್‌ನಲ್ಲೇ ಬೋರ್ ಆಯ್ತಾ?
ಮೂರನೇ ಸೀಸನ್ ಶುರುವಾಗುತ್ತಿದ್ದಂತೆ ಬಾಹ್ಯಾಕಾಶದ ಹಳೆಯ ಟಿವಿ ಸರಣಿ ಸ್ಟಾರ್ ಟ್ರೆಕ್ ಸಾಕಾಯ್ತು, ಬಿಟ್ಟುಬಿಡಲಾ ಅಂತ ಕೇಳಿದ್ದೀರಿ. ಎಪಿಸೋಡ್‌ಗೂ ಮೊದಲೇ ರೇಟಿಂಗ್ ನೋಡುತ್ತಿದ್ದೀರಿ, ಬಹುಶಃ ಅದೇ ಕಾರಣ. ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್ ಮೆಟ್ರೋದಲ್ಲಿ ತುಂಡು ತುಂಡಾಗಿ ನೋಡುವುದೂ ಸೇರಿರಬಹುದು. ನನಗೆ ಎರಡೂ ಇತ್ತು.

ಮೊದಲು ರೇಟಿಂಗ್ ನೋಡೋದು ಬಿಡಿ. ಆಮೇಲೆ 1968ರ 'ಸ್ಪಾಕ್ಸ್ ಬ್ರೇನ್' ಎಪಿಸೋಡ್ ಅನ್ನು ರಾತ್ರಿ ಮನೆಯಲ್ಲಿ ಒಂದೇ ಸಲಕ್ಕೆ ನೋಡಿ. ಹಡಗಿನ ಅಧಿಕಾರಿ ಸ್ಪಾಕ್‌ನ ಮಿದುಳು ಕದಿಯುವ ಕಥೆ, ಲಾಜಿಕ್ ಹುಡುಕಬೇಡಿ. ಅದನ್ನು ಮತ್ತೆ ಜೋಡಿಸುವ ಕೊನೆಯ ಆಪರೇಷನ್‌ನಲ್ಲಿ ಹಡಗಿನ ಡಾಕ್ಟರ್ ಮೆಕಾಯ್ ಮುಖ ನೋಡಿ. ಆ ಆಪರೇಷನ್‌ಗಾಗಿ ಯಂತ್ರದಿಂದ ಕಲಿತದ್ದು ಮಧ್ಯದಲ್ಲೇ ಮರೆತುಹೋಗುತ್ತದೆ. ಆಗ ಮಲಗಿರುವ ಸ್ಪಾಕ್‌ಗೆ ಮಾತು ಬಂದು, ಅವನೇ ದಾರಿ ಹೇಳುತ್ತಾನೆ. ಸದಾ ಕಿತ್ತಾಡುವ ಇಬ್ಬರು ಅಲ್ವಾ, ಎಷ್ಟು ಚೆನ್ನಾಗಿದೆ!

ನಿಮಗೂ ಹಿಡಿಸುತ್ತದೆ ಅಂತ ಖಾತ್ರಿ ಕೊಡಲಾರೆ. ಮುಂದೆ ಇದರ ನಂತರದ ಸರಣಿ ನೆಕ್ಸ್ಟ್ ಜನರೇಷನ್‌ಗೆ ಬಂದಾಗ 1989ರ 'ಶೇಡ್ಸ್ ಆಫ್ ಗ್ರೇ' ಎಪಿಸೋಡ್ ಒಂದನ್ನು ಸುಮ್ನೆ ದಾಟಿಸಿ. ಅದರಲ್ಲಿ ಹಳೆಯ ದೃಶ್ಯಗಳೇ ಜಾಸ್ತಿ.